ಮಗ್ಗದ ಬೀದಿಯಲ್ಲಿ ಕೊಲ್ಲಿಯ ಮಾತು

ನಮ್ಮ ಆಫೀಸು ಇರುವುದು ದೊಡ್ಡಬಳ್ಳಾಪುರದ ಮಗ್ಗದ ಬೀದಿಯೊಂದರಲ್ಲಿ, ವೆಂಕಟರಾಯಪ್ಪನವರ ಪವರ್‌ಲೂಮ್ ಶೆಡ್ಡಿನ ಮೇಲಿನ ಮಹಡಿಯಲ್ಲಿ. ಕಿವಿಯಿಂದ ಮಾಡುವ ಕೆಲಸಕ್ಕೆ ಇದಕ್ಕಿಂತ ಕೆಟ್ಟ ಜಾಗ ದೀಪ ಹಚ್ಚಿ ಹುಡುಕಿದರೂ ಸಿಗುತ್ತಿರಲಿಲ್ಲ. ಬಾಡಿಗೆ ಕಡಿಮೆ ಅಂತ ಇದನ್ನು ಹಿಡಿದ ಯಜಮಾನರು ಬೆಂಗಳೂರಿನ ಗಾಜಿನ ಕೋಣೆಯಲ್ಲಿ ಕೂತಿರುತ್ತಾರೆ. ಇಲ್ಲಿ ಕೂತು ಕೇಳಿಸಿಕೊಳ್ಳಬೇಕಾದವರು ನಾವು.

ಕೆಲಸ ಏನೆಂದರೆ, ಹೊರದೇಶದ ಸಭೆಗಳ, ವಿಚಾರಣೆಗಳ ರೆಕಾರ್ಡಿಂಗ್ ನಮಗೆ ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಯಾರು ಏನು ಹೇಳಿದರೋ ಅದನ್ನು ಮಾತಿಗೆ ಮಾತು ಟೈಪ್ ಮಾಡಬೇಕು. ಈಗ ಯಂತ್ರವೇ ಮಾಡಿಬಿಡುತ್ತದಲ್ಲಾ ಎಂದು ನೆಂಟರಿಷ್ಟರು ಕೇಳುತ್ತಾರೆ. ಯಂತ್ರ ಮಾಡುತ್ತದೆ, ಅದು ಮಾಡಿದ ಅವಾಂತರ ತಿದ್ದುವುದಕ್ಕೆ ನಾವು ಬೇಕು. ಬಾಗಿಲಲ್ಲಿ ಮೊಬೈಲು ಇಟ್ಟು ಒಳಗೆ ಬಂದರೆ ನಾನು, ಪಕ್ಕದ ಕುರ್ಚಿಯ ಶಿಲ್ಪ, ಇನ್ನೂ ಕೆಲವರು ಸಂಜೆಯವರೆಗೆ ತಲೆ ಎತ್ತುವುದಿಲ್ಲ. ಕೆಳಗಿನಿಂದ ಮಗ್ಗದ ಸದ್ದು ಪಾದದ ಮೂಲಕ ಹತ್ತಿ ಹಲ್ಲಿನವರೆಗೆ ಬರುತ್ತದೆ.

ನನ್ನ ಪಾಲಿಗೆ ಬಂದದ್ದು ಕೆನಡಾದ ಅನಿಶಿನಾಬೆ ಜನರ ಒಂದು ಮಹಾಸಭೆ. ಅಲ್ಲಿನ ದೊಡ್ಡ ಸರೋವರಗಳ ದಂಡೆಯಲ್ಲಿ ಬಿಳಿಯರು ಬರುವ ಮೊದಲಿನಿಂದ ಇದ್ದ ಜನ ಇವರು. ಒಂದೊಂದು ಊರಿಗೂ ಒಬ್ಬ ಚುನಾಯಿತ ಮುಖ್ಯಸ್ಥ, ಒಂದು ಸಮಿತಿ. ಆ ಊರುಗಳೆಲ್ಲ ಸೇರಿ ಒಂದು ಮಹಾಸಭೆ, ಅದರ ಕೆಳಗೆ ಒಂದು ಒಪ್ಪಂದ ಕಚೇರಿ. ಮುತ್ತಜ್ಜಂದಿರ ಕಾಲದಲ್ಲಿ ಇಂಗ್ಲೆಂಡಿನ ರಾಣಿಯ ಹೆಸರಿನಲ್ಲಿ ಬಂದವರು ನೆಲ ಪಡೆದು ಕೊಟ್ಟ ಮಾತುಗಳಿವೆಯಲ್ಲ, ಅವನ್ನು ಸರ್ಕಾರ ಇವತ್ತಿಗೂ ನಡೆಸಿಕೊಡುತ್ತಿದೆಯೋ ಇಲ್ಲವೋ ಎಂದು ಕಾಯುವುದು ಆ ಕಚೇರಿಯ ಕೆಲಸ. ಮೊದಮೊದಲು ನನಗೆ ಇದೇನೋ ಭಾರಿ ರಾಜತಾಂತ್ರಿಕ ವ್ಯವಹಾರ ಅನ್ನಿಸಿ ಭಯವಾಗಿತ್ತು. ಕೇಳುತ್ತಾ ಕೇಳುತ್ತಾ ಗೊತ್ತಾಯಿತು, ಅಲ್ಲಿಯೂ ಕೋರಂ ಆಗುವುದಿಲ್ಲ, ಅಲ್ಲಿಯೂ ಒಬ್ಬ ರಸ್ತೆ ಗುಂಡಿ ಬಿಟ್ಟು ಬೇರೆ ಮಾತಾಡುವುದಿಲ್ಲ, ಕಾಫಿ ತಣ್ಣಗಾಯಿತೆಂದು ಸಭೆ ನಿಲ್ಲಿಸುವವರು ಅಲ್ಲಿಯೂ ಇದ್ದಾರೆ. ನಮ್ಮ ಗ್ರಾಮ ಪಂಚಾಯ್ತಿ ನೋಡಿದವರಿಗೆ ಹೊಸದೇನೂ ಇರಲಿಲ್ಲ.

ಒಂದೇ ವ್ಯತ್ಯಾಸ. ಪ್ರತಿ ಸಭೆ ಶುರುವಾಗುವುದು ಹಿರಿಯರೊಬ್ಬರು ತಮ್ಮ ಭಾಷೆಯಲ್ಲಿ ಆಡುವ ಮಾತಿನಿಂದ. ಅದು ಬಂದಾಗ ನಾವು ಕಂಸದೊಳಗೆ ‘ಅನ್ಯಭಾಷೆ’ ಎಂದು ಹಾಕಿ ಮುಂದೆ ಹೋಗಬೇಕು, ನಿಯಮ ಹಾಗಿದೆ. ಅವರ ನೆಲದಲ್ಲಿ, ಅವರ ಸಭೆಯಲ್ಲಿ, ಅವರದೇ ಭಾಷೆ ಅನ್ಯವಂತೆ. ಬರೆಯುವ ನಾನು ದೊಡ್ಡಬಳ್ಳಾಪುರದವಳು, ಓದುವವರು ಇಂಗ್ಲಿಷಿನವರು.

ಆ ಹಿರಿಯರ ಹೆಸರು ಆಂಬ್ರೋಸ್. ದನಿ ಕೇಳಿದರೆ ಎಂಬತ್ತು ದಾಟಿದ ಹಾಗಿತ್ತು. ಮುಖ ನಾನು ನೋಡಿಲ್ಲ, ಕೆಮ್ಮು ಮಾತ್ರ ನೂರು ಜನರ ನಡುವೆ ಗುರುತು ಹಿಡಿಯಬಲ್ಲೆ. ಚುನಾವಣೆಯಲ್ಲಿ ಗೆದ್ದ ಮುಖ್ಯಸ್ಥನನ್ನು ಅವರು ಸಭೆಯಲ್ಲೇ ಚುಡಾಯಿಸುತ್ತಿದ್ದರು: ನೀನು ಸರ್ಕಾರದ ಕಾನೂನು ಮಾಡಿದ ಮುಖ್ಯಸ್ಥ, ನನ್ನದು ಕೊಕ್ಕರೆ ಕುಲ, ಮಾತಾಡುವುದಕ್ಕೇ ಹುಟ್ಟಿದ್ದೇವೆ, ನಿನ್ನ ಗಡಿಯಾರ ನೋಡಿ ಬಾಯಿ ಮುಚ್ಚುವವರಲ್ಲ. ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ಅತ್ತೆ ಮುನಿಗಂಗಮ್ಮ ಮೊದಲು ಕೇಳಿದ್ದು, ಅವರಲ್ಲೂ ಕುಲ ನೋಡಿ ಹೆಣ್ಣು ತರುತ್ತಾರಾ ಎಂದು. ಒಂದೇ ಕುಲದೊಳಗೆ ತರುವುದಿಲ್ಲವಂತೆ ಎಂದೆ. ಹಾಗಾದರೆ ಮರ್ಯಾದಸ್ಥರೇ ಬಿಡು ಎಂದು ಅತ್ತೆ ಸರ್ಟಿಫಿಕೇಟು ಕೊಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಅವರು ‘ಕೊಕ್ಕರೆ ತಾತ’ ಆದರು.

ಈಗ ತಾತನ ಊರಿಗೆ ಬಂದ ಕಷ್ಟ ಹೇಳುತ್ತೇನೆ. ಅವರ ಊರಿನ ಮುಂದೆ ಸರೋವರದ ಒಂದು ಕೊಲ್ಲಿಯಿದೆ. ಅಲ್ಲಿ ಬಲೆ ಹಾಕಿ ಹಿಡಿದ ಮೀನಿನ ಮೇಲೇ ಆ ಊರು ಬದುಕಿದೆ. ಅಲ್ಲಿ ಹಡಗುಕಟ್ಟೆ ಮಾಡಬೇಕು, ಬಲೆ ಎತ್ತಿ ಎಂದಿತು ಸರ್ಕಾರ. ಒಪ್ಪಂದದ ಕಾಗದದಲ್ಲಿ ಕೊಲ್ಲಿಯ ಹೆಸರು ಇಲ್ಲ, ಆದ್ದರಿಂದ ಅದು ಸರ್ಕಾರದ್ದು ಎಂಬುದು ಅವರ ವಾದ. ಕಾಗದದಲ್ಲಿ ಇಲ್ಲ, ಆದರೆ ಕೊಲ್ಲಿಯನ್ನು ಕೊಡುವುದಿಲ್ಲ ಎಂದು ಅವತ್ತೇ ಬಾಯಿಮಾತಿನಲ್ಲಿ ಆಗಿದೆ ಎಂಬುದು ಮಹಾಸಭೆಯ ವಾದ. ಆ ಬಾಯಿಮಾತು ತಲೆಯಿಂದ ತಲೆಗೆ ಇಳಿದು ಈಗ ಉಳಿದಿರುವುದು ಆಂಬ್ರೋಸ್ ತಾತನ ಹತ್ತಿರ ಮಾತ್ರ. ಅದಕ್ಕೆಂದೇ ಒಂದು ವಿಚಾರಣಾ ಮಂಡಳಿ ಕೂತಿತು. ತಾತ ಹೇಳಿದ್ದು ದಾಖಲೆಗೆ ಬಂದರೆ ಬಲೆ ಉಳಿಯುತ್ತದೆ, ಬರದಿದ್ದರೆ ಇಲ್ಲ.

ಆ ದಿನದ ರೆಕಾರ್ಡು ನನಗೇ ಬಂತು. ತಾತ ಇಂಗ್ಲಿಷಿನಲ್ಲಿ ಹೇಳುವುದಿಲ್ಲ ಎಂದರು. ಮಾತು ಯಾವ ಭಾಷೆಯಲ್ಲಿ ನನಗೆ ಬಂತೋ ಅದರಲ್ಲೇ ಕೊಡುತ್ತೇನೆ, ಮೊಮ್ಮಗಳು ಡೆಲಿಯಾ ಇಂಗ್ಲಿಷಿಗೆ ತಿರುಗಿಸುತ್ತಾಳೆ ಎಂದರು. ಮಂಡಳಿ ಒಪ್ಪಿತು. ಎಲ್ಲವೂ ಸರಿ, ಮೈಕು ಮಾತ್ರ ತಾತನ ಬಾಯಿಗೆ ಅಂಟಿಕೊಂಡಿತ್ತು. ಡೆಲಿಯಾ ಎಲ್ಲೋ ಹಿಂದೆ ಕೂತಿದ್ದಳೆಂದು ಕಾಣುತ್ತದೆ. ಕೋಣೆಯಲ್ಲಿದ್ದವರಿಗೆ ಅವಳ ಮಾತು ಕೇಳಿಸಿರಬೇಕು, ಯಾರೂ ಜೋರಾಗಿ ಹೇಳಮ್ಮಾ ಎನ್ನಲಿಲ್ಲ. ನನಗೆ ಬಂದದ್ದು ತಾತನ ಮಾತು, ಆಮೇಲೆ ಒಂದಷ್ಟು ಬರೀ ಸೊಯ್ಯೆನ್ನುವ ಸದ್ದು, ಮತ್ತೆ ತಾತನ ಮಾತು. ಎಷ್ಟು ಸಲ ಹಿಂದೆ ಮುಂದೆ ಮಾಡಿದರೂ ಕೆಳಗಿನ ಮಗ್ಗ ಅವಳನ್ನು ನುಂಗಿಬಿಡುತ್ತಿತ್ತು.

ಆಗ ಕರೆಂಟು ಹೋಯಿತು. ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಎಲ್ಲ ಶೆಡ್ಡಿನ ಮಗ್ಗಗಳೂ ಒಟ್ಟಿಗೆ ನಿಲ್ಲುತ್ತವೆ. ನಮ್ಮ ಕಂಪ್ಯೂಟರುಗಳು ಯುಪಿಎಸ್ ಮೇಲೆ ಸ್ವಲ್ಪ ಹೊತ್ತು ಓಡುತ್ತವೆ. ಫ್ಯಾನು ನಿಂತಿತೆಂದು ಉಳಿದವರೆಲ್ಲ ವರಾಂಡಕ್ಕೆ ಹೋದರು, ನಮ್ಮ ಕೆಲಸ ಪರಿಶೀಲಿಸುವ ನವೀನ್‌ಕುಮಾರ್ ಊಟಕ್ಕೆ ಹೋಗಿದ್ದ. ನಾನು ವಾಲ್ಯೂಮು ಪೂರ್ತಿ ಏರಿಸಿ ಕಣ್ಣು ಮುಚ್ಚಿಕೊಂಡೆ. ಸೊಯ್ಯೆನ್ನುವ ಸದ್ದಿನ ಒಳಗೆ ಒಬ್ಬ ಹುಡುಗಿ ಮಾತಾಡುತ್ತಿದ್ದಳು.

ಒಪ್ಪಂದದ ದಿನ ಕಾಗದವನ್ನು ಎರಡು ಸಲ ಓದಿದರಂತೆ. ಎರಡನೇ ಸಲ ಓದಿ ಮುಗಿಸಿದಾಗ ತಾತನ ವಂಶದ ಹಿರಿಯ ಎದ್ದು ನಿಂತು ಹೇಳಿದನಂತೆ: ನೆಲದ ಮೇಲೆ ನೀವೂ ನಡೆಯಿರಿ, ನಾವೂ ನಡೆಯುತ್ತೇವೆ. ಕೊಲ್ಲಿಯನ್ನು ಕೊಡಲು ನಮ್ಮಿಂದಾಗುವುದಿಲ್ಲ, ಅದು ಮೀನಿನದು, ನಾವು ಅದರ ಹತ್ತಿರ ಕೇಳಿಕೊಂಡು ತಿನ್ನುವವರು. ಹೀಗೆ ಹೇಳಿ ಹೊಗೆಸೊಪ್ಪನ್ನು ಮುಂದೆ ಚಾಚಿದ. ರಾಣಿಯ ಕಡೆಯವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ತೆಗೆದುಕೊಂಡ ಮೇಲೆ ಮಾತು ಮುಗಿಯಿತು.

ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ವೀಳ್ಯ ಹಿಡಿದ ಮೇಲೆ ಹೆಣ್ಣಿನ ಕಡೆಯವರಾಗಲಿ ಗಂಡಿನ ಕಡೆಯವರಾಗಲಿ ಹಿಂದೆ ಸರಿಯುವ ಹಾಗಿದೆಯೇ? ಸಹಿ ಯಾರು ಹಾಕುತ್ತಾರೆ, ತಟ್ಟೆ ಮುಟ್ಟಿದರೆ ಸಾಕು. ಕರೆಂಟು ಬರುವಷ್ಟರಲ್ಲಿ ಡೆಲಿಯಾ ಹೇಳಿದ್ದನ್ನೆಲ್ಲ ಟೈಪ್ ಮಾಡಿ ಮುಗಿಸಿದ್ದೆ. ಕೆಳಗೆ ಮಗ್ಗ ಮತ್ತೆ ಶುರುವಾದಾಗ, ಓಡಿಕೊಳ್ಳಲಿ ಬಿಡು, ಈಗೇನು ಎಂದುಕೊಂಡೆ.

ನವೀನ ಊಟ ಮಾಡಿ ಬಂದು ಅದಷ್ಟನ್ನೂ ಕೆಂಪು ಮಾಡಿ ಅಳಿಸಿದ.

ನಮ್ಮಲ್ಲಿ ಒಂದು ಮಾತು ಬಿಟ್ಟರೆ ಸಣ್ಣ ತಪ್ಪು. ಇಲ್ಲದ ಮಾತು ಸೇರಿಸಿದರೆ ಎಲ್ಲಕ್ಕಿಂತ ದೊಡ್ಡ ತಪ್ಪು, ಕೆಲಸವೇ ಹೋಗಬಹುದು. ನವೀನನಿಗೆ ಆ ಜಾಗದಲ್ಲಿ ಸೊಯ್ಯೆನ್ನುವ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ. ಪರಿಶೀಲಿಸುವವನಿಗೆ ಕೇಳಿಸದ್ದು ಇಲ್ಲ ಎಂದೇ ಲೆಕ್ಕ. ನಾನು ಅವನ ಮೇಜಿನ ಹತ್ತಿರ ಹೋಗಿ, ಅಲ್ಲಿ ಮಾತಿದೆ ಕಣೋ, ಮಗ್ಗ ನಿಂತಾಗ ಕೇಳಿಸ್ತು ಎಂದೆ. ಅವನು ಪಾಪ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಮತ್ತೆ ಮತ್ತೆ ಕೇಳಿದ.

"ಇಲ್ಲಾಕ್ಕ, ನಂಗೇನೂ ಕೇಳಿಸ್ತಿಲ್ಲ. ನಿಮ್ಮ ಮೇಲೆ ನಂಬಿಕೆ ಐತೆ. ಆದ್ರೆ ನಂಬಿಕೆ ಮೇಲೆ ಪಾಸ್ ಮಾಡೋಕ್ಕೆ ಈ ಸಾಫ್ಟ್‌ವೇರಲ್ಲಿ ಬಟನ್ ಇಲ್ಲ."

ಫೈಲು ಮರುದಿನ ಮಧ್ಯಾಹ್ನದೊಳಗೆ ಹೋಗಬೇಕಿತ್ತು. ಅಷ್ಟರೊಳಗೆ ಒಂದು ಸಲ ಕರೆಂಟು ಹೋದರೆ ನವೀನನ ಕಿವಿಗೇ ಕೇಳಿಸಬಹುದು ಎಂದು ಲೆಕ್ಕ ಹಾಕಿದೆ. ನಮ್ಮ ಊರಿನ ಕರೆಂಟಿನ ಮೇಲೆ ನನಗೆ ಅಷ್ಟು ಭರವಸೆ. ಆದರೆ ಆ ದಿನ ಊರಿಗೆ ಯಾರೋ ಮಂತ್ರಿ ಬಂದಿದ್ದರು, ಮರುದಿನ ಅವರ ಕೈಯಿಂದಲೇ ಶಂಕುಸ್ಥಾಪನೆ. ಸೀರಿಯಲ್ಲಿನ ಹೊತ್ತಿಗೆ ಸರಿಯಾಗಿ ಹೋಗುವ ಕರೆಂಟು ದೇವರ ದೀಪದ ಹಾಗೆ ಅಲುಗಾಡದೆ ನಿಂತಿತು. ಕರೆಂಟು ಹೋಗಲಪ್ಪಾ ಎಂದು ಹರಕೆ ಹೊತ್ತ ಹೆಂಗಸು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಮರುದಿನ ಬೆಳಿಗ್ಗೆ ಕೆಳಗಿಳಿದು ವೆಂಕಟರಾಯಪ್ಪನವರ ಹತ್ತಿರ ಹೋದೆ. ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸುತ್ತೀರಾ ಎಂದು ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ. ಯಾಕೆ ಎಂದರು. ಎಲ್ಲಿಂದ ಶುರುಮಾಡಲಿ? ಕೆನಡಾ, ರಾಣಿ, ಹೊಗೆಸೊಪ್ಪು. ಕೊನೆಗೆ, ಒಂದೂರಿನವರು ಅನ್ನ ಕಳೆದುಕೊಳ್ಳುತ್ತಾರೆ, ಒಬ್ಬ ಮುದುಕನ ಮಾತು ಕೇಳಿಸಬೇಕು ಎಂದಷ್ಟೇ ಹೇಳಿದೆ. ಸೀರೆಯ ಆರ್ಡರು ತಲೆಯ ಮೇಲೆ ಕೂತಿತ್ತು. ಅರ್ಧದಲ್ಲಿ ನಿಲ್ಲಿಸಿದರೆ ಬಟ್ಟೆಯಲ್ಲಿ ಗೆರೆ ಬೀಳುತ್ತದೆ ಎಂದು ಅವರು ಗೊಣಗಿದರು. ಆದರೂ ಹುಡುಗರಿಗೆ ಕೈಸನ್ನೆ ಮಾಡಿ ಎಲ್ಲ ಮಗ್ಗಗಳನ್ನೂ ನಿಲ್ಲಿಸಿದರು. ದೊಡ್ಡ ಮನುಷ್ಯ, ಸುಳ್ಳು ಹೇಳಬಾರದು.

ನಾನು ಮೆಟ್ಟಿಲು ಹಾರಿ ಹತ್ತಿದೆ. ನವೀನ ಹೆಡ್‌ಫೋನ್ ಹಾಕಿಕೊಂಡು ಸಿದ್ಧನಾಗಿದ್ದ. ಆಗ ಗೊತ್ತಾಯಿತು ಬೀದಿಯೆಂದರೆ ಏನು ಎಂದು. ನಮ್ಮ ಮಗ್ಗ ನಿಂತಿತ್ತು, ಎದುರು ಮನೆಯದು ಓಡುತ್ತಿತ್ತು, ಹಿಂದಿನದು ಓಡುತ್ತಿತ್ತು, ಮೂಲೆಯದು ಓಡುತ್ತಿತ್ತು. ಇಷ್ಟು ದಿನ ಒಂದೇ ಸದ್ದು ಅಂದುಕೊಂಡಿದ್ದು ಇಡೀ ಕೇರಿಯ ಸದ್ದಾಗಿತ್ತು. ವೆಂಕಟರಾಯಪ್ಪನವರು ಕೆಳಗಿನಿಂದಲೇ ಕತ್ತೆತ್ತಿ ನೋಡಿ, "ನನ್ನ ಶೆಡ್ಡು ನಿಲ್ಲಿಸ್ಬೋದು ಕಣಮ್ಮ, ಊರು ನಿಲ್ಲಿಸೋಕಾಗ್ತದಾ?" ಎಂದರು. ನವೀನ ಹೆಡ್‌ಫೋನ್ ತೆಗೆದು ತಲೆಯಾಡಿಸಿದ.

ಮೇಲಿನವರಿಗೆ ತಿಳಿಸೋಣ ಎಂದು ಟಿಪ್ಪಣಿ ಬರೆಯುವ ಜಾಗದಲ್ಲಿ ಬರೆದೆ. ಬೆಂಗಳೂರಿನಿಂದ ಉತ್ತರ ಬಂತು: ಮೈಕಿನಿಂದ ದೂರ ಇರುವವರ ಮಾತನ್ನು ಹಿನ್ನೆಲೆ ಸದ್ದೆಂದು ಪರಿಗಣಿಸಿ, ನಿಯಮ ಓದಿಕೊಳ್ಳಿ. ಮಧ್ಯಾಹ್ನ ಫೈಲು ಹೋಯಿತು. ತಾತ ಮಾತಾಡಿದ ಕಡೆಯೆಲ್ಲ ಕಂಸದಲ್ಲಿ ‘ಅನ್ಯಭಾಷೆ’, ಡೆಲಿಯಾ ಮಾತಾಡಿದ ಕಡೆ ಏನೂ ಇಲ್ಲ. ಒಮ್ಮೆ ಹೋದ ಫೈಲು ನಮ್ಮ ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ. ಮಂತ್ರಿಗಳ ಕಾರು ಊರು ದಾಟಿದ್ದೇ ತಡ, ಕರೆಂಟು ಹೋಯಿತು. ನವೀನ ನನ್ನ ಕಡೆ ನೋಡಲಿಲ್ಲ, ನಾನೂ ಅವನ ಕಡೆ ನೋಡಲಿಲ್ಲ. ಅವನೇನು ಕೆಟ್ಟವನಲ್ಲ. ಬೈಯೋಣವೆಂದರೆ ಕೆಟ್ಟವನೊಬ್ಬನೂ ಸಿಗದೆ ನನ್ನ ಸಿಟ್ಟು ನನ್ನನ್ನೇ ಸುಟ್ಟಿತು.

ಮನೆಗೆ ಹೋಗಿ ಅಡಿಗೆಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದೆ. ಮುನಿಗಂಗಮ್ಮ ಸೊಪ್ಪು ಸೋಸುತ್ತಿದ್ದವರು ಕೈ ನಿಲ್ಲಿಸಿದರು. "ಎರಡೂ ಕೈಯಲ್ಲಿ ಇಸ್ಕೊಂಡ ಅಂತ ಹೇಳಿದ್ಲಾ ಆ ಹುಡುಗಿ? ಇನ್ನೇನು ಬೇಕಂತೆ ಅವರಿಗೆ?" ಎಂದರು. ಏನು ಬೇಕಂತೆ ಎಂದು ನನಗೆ ಗೊತ್ತಿತ್ತು: ಕಾಗದ.

ಆ ಮಹಾಸಭೆಗೊಂದು ವೆಬ್‌ಸೈಟಿದೆ. ಅದರಲ್ಲಿ ಒಪ್ಪಂದ ಕಚೇರಿಯ ವಿಳಾಸವೂ ಇತ್ತು. ಕೆಲಸಕ್ಕೆ ಸೇರುವಾಗ ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ ಎಂದು ಸಹಿ ಹಾಕಿದ್ದೆ, ಆದರೂ ಹೆಸರು ಹಾಕದೆ ನನ್ನ ಮೊಬೈಲಿನಿಂದಲೇ ಒಂದು ಮೇಲ್ ಬರೆದೆ. ನಿಮ್ಮ ಹಿರಿಯರು ಹೇಳಿದ್ದು ದಾಖಲೆಗೆ ಬಂದಿಲ್ಲ, ಡೆಲಿಯಾ ಅವರ ಮಾತು ನಾನು ಕೇಳಿದ್ದೇನೆ, ಈಗಲೇ ಸರಿಪಡಿಸಿಕೊಳ್ಳಿ ಎಂದು ಬರೆದು, ನೆನಪಿದ್ದಷ್ಟನ್ನೂ ಸೇರಿಸಿದೆ. ಕಳಿಸಿದ ಮೇಲೆ ಒಮ್ಮೆ ಓದಿ ನೋಡಿದರೆ ನನಗೇ ನಗು ಬಂತು. ಇಂಡಿಯಾದಿಂದ ಹೆಸರಿಲ್ಲದ ಒಂದು ಮೇಲ್ ಹೋಗಿ, ನಿಮ್ಮ ಅಮೂಲ್ಯವಾದದ್ದು ನನ್ನ ಹತ್ತಿರ ಇದೆ, ಬೇಗ ಮಾಡಿ ಎಂದರೆ ಯಾರು ತಾನೇ ಮುಟ್ಟುತ್ತಾರೆ? ಇಲ್ಲಿಂದ ಅಲ್ಲಿಗೆ ಹೋಗುವ ಕಳ್ಳ ಫೋನು, ಕಳ್ಳ ಮೇಲ್ ಏನು ಕಡಿಮೆಯೇ? ನಾನಾದರೂ ಅಳಿಸುತ್ತಿದ್ದೆ. ಉತ್ತರ ಬರಲಿಲ್ಲ. ಇನ್ನೊಂದು ಬರೆದೆ, ಅದು ಅವರಿಗೆ ತಲುಪದೆ ನನಗೇ ವಾಪಸ್ಸು ಬಂತು.

ಮಳೆಗಾಲ ಮುಗಿದು ಅವರೆಕಾಯಿ ಬರುವ ಹೊತ್ತಿಗೆ ಅದೇ ವಿಚಾರಣೆಯ ಇನ್ನೊಂದು ರೆಕಾರ್ಡು ಬಂತು. ಇದು ಕೊನೆಯ ದಿನದ್ದು. ಮಂಡಳಿಗೆ ಹೊಸ ಅಧ್ಯಕ್ಷೆ ಬಂದಿದ್ದರು, ಹಿಂದಿನವರು ನಿವೃತ್ತರಾಗಿದ್ದರಂತೆ. ಈಕೆ ಆವತ್ತು ಆ ಕೋಣೆಯಲ್ಲಿ ಇರಲಿಲ್ಲ, ಎಲ್ಲವನ್ನೂ ದಾಖಲೆ ಓದಿಯೇ ತಿಳಿದುಕೊಂಡವರು. ಸರ್ಕಾರದ ವಕೀಲರು ಎದ್ದು ಮಾತಾಡಿದರು, ದನಿ ಸ್ಪಷ್ಟ, ಒಂದು ಅಕ್ಷರ ತಪ್ಪದ ಹಾಗೆ ಕೇಳಿಸುತ್ತಿತ್ತು.

"ಈ ಸಾಕ್ಷಿಯ ಹೇಳಿಕೆ ಎಂದು ದಾಖಲೆಯಲ್ಲಿ ಇರುವುದು ಕಂಸದೊಳಗಿನ ಒಂದು ಪದ ಮಾತ್ರ. ಆ ಒಂದು ಪದದ ಆಧಾರದ ಮೇಲೆ ಕೊಲ್ಲಿಯನ್ನು ಕೇಳುತ್ತಿದ್ದಾರೆ."

ಅದು ನಾನು ಹಾಕಿದ ಪದ. ಅದನ್ನು ಅವರು ಓದಿದ್ದನ್ನೂ ನಾನೇ ಟೈಪ್ ಮಾಡಿದೆ. ಹೊಟ್ಟೆಪಾಡು.

ಡೆಲಿಯಾಳ ದನಿ ಈ ಸಲ ಮೈಕಿನಲ್ಲೇ ಬಂತು. ನಾನು ಇದೇ ಕೋಣೆಯಲ್ಲಿ ಎಲ್ಲರೆದುರು ಹೇಳಿದ್ದೇನೆ, ಬೇಕಾದರೆ ರೆಕಾರ್ಡು ಹಾಕಿ ಎಂದು ಕೇಳಿದಳು. ಹಾಕಿದರು. ನನ್ನ ಕಿವಿಯಲ್ಲಿ ರೆಕಾರ್ಡಿನೊಳಗೊಂದು ರೆಕಾರ್ಡು ಓಡಿತು. ತಾತನ ಮಾತು, ಸೊಯ್ಯೆನ್ನುವ ಸದ್ದು, ತಾತನ ಮಾತು. ಯಾರೋ ಕುರ್ಚಿ ಎಳೆದರು, ಯಾರೋ ಕೆಮ್ಮಿದರು. ಅಷ್ಟು ಜನರ ಸಭೆಯಲ್ಲಿ ಆ ಸಣ್ಣ ದನಿ ಎಲ್ಲಿ ಕೇಳಿಸಬೇಕು? ಹಾಗಾದರೆ ಈಗ ಇನ್ನೊಮ್ಮೆ ಹೇಳುತ್ತೇನೆ ಎಂದಳು. ಸಾಕ್ಷ್ಯ ಮುಗಿದಿದೆ, ಈಗ ಹೇಳುವುದು ಹೊಸ ಕತೆಯಾಗುತ್ತದೆ ಎಂದು ವಕೀಲರು ತಡೆದರು. ಅಧ್ಯಕ್ಷೆ, ನನಗೆ ಬೇಸರವಿದೆ, ಆದರೆ ನಾನು ದಾಖಲೆಗೆ ಬದ್ಧಳು ಎಂದರು.

ಆಗ ತಾತ ಕೆಮ್ಮಿದರು. ಮೊದಲ ಬಾರಿಗೆ ವಿಚಾರಣೆಯಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದರು, ಒಂದೊಂದು ಪದಕ್ಕೂ ಉಸಿರು ತೆಗೆದುಕೊಂಡು.

"ಬರೆದವರನ್ನು ಕರೆಸಿ. ಬರೆಯುವವರು ಎಲ್ಲರಿಗಿಂತ ಹತ್ತಿರ ಕೂತಿರುತ್ತಾರೆ, ಅವರಿಗೆ ಕೇಳಿಸಿರುತ್ತದೆ. ಒಪ್ಪಂದದ ದಿನವೂ ಬರೆಯುವವನೊಬ್ಬ ಕೂತಿದ್ದ. ನಮ್ಮ ಹಿರಿಯರು ಹೇಳಿದ್ದು ಅವನಿಗೆ ಕೇಳಿಸಿತ್ತು. ಅವನನ್ನು ಯಾರೂ ಕೇಳಲಿಲ್ಲ, ಅವನು ಸತ್ತುಹೋದ. ಇವರು ಬದುಕಿದ್ದಾರೆ. ಕರೆಸಿ ಕೇಳಿ."

ಅಧ್ಯಕ್ಷೆ ಯಾರ ಹತ್ತಿರವೋ ಪಿಸುಗುಟ್ಟಿದರು. ಆಮೇಲೆ ಮೈಕಿಗೆ ಬಂದು, ಅದು ಹೊರಗಿನ ಸಂಸ್ಥೆಯ ಕೆಲಸ, ಯಾರು ಬರೆದರೆಂದು ನಮಗೆ ತಿಳಿಯದು, ತಿಳಿಯುವ ದಾರಿಯೂ ಇಲ್ಲ ಎಂದರು. ವಿಚಾರಣೆ ಮುಗಿಯಿತು ಎಂದು ದಾಖಲಿಸಿದರು.

ನಾನು ಎಲ್ಲವನ್ನೂ ಟೈಪ್ ಮಾಡಿದೆ. ಯಾವ ಮಾತು ಯಾರದು ಎಂದು ಹೆಸರು ಹಚ್ಚಿದೆ, ಅಲ್ಪವಿರಾಮ, ಪೂರ್ಣವಿರಾಮ ಹಾಕಿದೆ. ಬರೆದವರನ್ನು ಕರೆಸಿ ಎಂಬ ಜಾಗಕ್ಕೆ ಬಂದಾಗ ಬೆರಳು ಮುಂದೆ ಹೋಗಲಿಲ್ಲ. ಅದನ್ನು ಮತ್ತೆ ಹಾಕಿ ಕೇಳಿದೆ. ತಾತ ಮತ್ತೆ ಕರೆದರು.

"ನಾನು ಕಣಜ್ಜಾ," ಎಂದೆ, ಬಾಯಿಬಿಟ್ಟೇ. "ಇಲ್ಲೇ ಇದ್ದೀನಿ. ನಂಗೆ ಕೇಳಿಸ್ತು."

ಪಕ್ಕದಲ್ಲಿದ್ದ ಶಿಲ್ಪ ತಲೆ ಕೂಡ ಎತ್ತಲಿಲ್ಲ.